ಡ್ಯೂಟಿ ಪಟ್ಟಿಯಿಂದ ಶುರುಮಾಡಿ: ರೆಸಿಡೆನ್ಸಿ ಬದಲಿಸಲು ಹೊರಟವರಿಗೆ

ಮುಂಬೈಯಲ್ಲಿ ಮಾಹಿಮಿನ ಕರ್ನಾಟಕ ಸಂಘದ ಕಾರ್ಯಕ್ರಮ ಮುಗಿದ ಮೇಲೋ, ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನ ಬಾಗಿಲಲ್ಲೋ ನಾಲ್ಕು ಜನ ಕನ್ನಡದ ವೈದ್ಯರು ಸೇರಿದರೆ ಮಾತು ತಾನಾಗಿ ರೆಸಿಡೆಂಟರ, ಅಂದರೆ ಆಸ್ಪತ್ರೆಯಲ್ಲಿ ದುಡಿಯುತ್ತಲೇ ಸ್ನಾತಕೋತ್ತರ ಓದುವ ಕಿರಿಯ ವೈದ್ಯರ ಕಡೆಗೆ ಹೊರಳುತ್ತದೆ. ಹೀಗೆ ಸೇರುವ ಹಿರಿಯರಲ್ಲಿ ಹಲವರು ಅಖಿಲ ಭಾರತ ಕೋಟಾದಲ್ಲಿ ಹುಬ್ಬಳ್ಳಿಯಿಂದಲೋ ಕಲಬುರಗಿಯಿಂದಲೋ ಸ್ನಾತಕೋತ್ತರ ಓದಿಗೆ ಬಂದು ಇಲ್ಲೇ ನೆಲೆನಿಂತವರು. ಈಗ ಯೂನಿಟ್ (ವಿಭಾಗದೊಳಗಿನ ಒಂದೊಂದು ವೈದ್ಯರ ತಂಡ) ಮುಖ್ಯಸ್ಥರು, ಒಬ್ಬಿಬ್ಬರು ವಿಭಾಗ ಮುಖ್ಯಸ್ಥರು. ತಾವು ಮೂವತ್ತಾರು ಗಂಟೆ ಒಂದೇ ಸಮನೆ ದುಡಿದದ್ದನ್ನು ನಗುತ್ತ ಹೇಳಿಕೊಳ್ಳುತ್ತಾರೆ, ತಮ್ಮ ಕೈಕೆಳಗಿನವರು ಈಗಲೂ ಹಾಗೆಯೇ ದುಡಿಯುವುದನ್ನು ನೆನೆದು ಕಸಿವಿಸಿಪಡುತ್ತಾರೆ. ಬದಲಾಗಬೇಕು ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಹೇಗೆ ಎಂದು ಕೇಳಿದರೆ ಮಾತ್ರ ಮಾತು ಸಮಿತಿ, ಸುತ್ತೋಲೆ, ಕಾರ್ಯಾಗಾರ ಎಂದು ಎತ್ತಲೋ ಹೋಗಿಬಿಡುತ್ತದೆ.

ರೆಸಿಡೆನ್ಸಿಯಲ್ಲಿ ಏನು ಬದಲಾದರೂ ಅದು ವಾರ್ಡಿನ ಗೋಡೆಗೆ ಅಂಟಿಸಿದ ಡ್ಯೂಟಿ ಪಟ್ಟಿಯಲ್ಲಿ ಕಾಣಬೇಕು. ಅಲ್ಲಿ ಕಾಣದಿದ್ದರೆ ಏನೂ ಬದಲಾಗಿಲ್ಲ. ಗಂಟೆ ಕಡಿಮೆ ಮಾಡಿದರೆ ಆ ಗಂಟೆಗಳಲ್ಲಿ ನಡೆಯುತ್ತಿದ್ದ ಕೆಲಸ ಇನ್ನೊಬ್ಬರ ಹೆಗಲಿಗೆ ಬೀಳಲೇಬೇಕು. ಆ ಹೆಗಲು ಯಾರದು ಎಂದು ಹೆಸರು ಹಿಡಿದು ಹೇಳಲಾರದವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು. ಹೇಳಬಲ್ಲೆವು ಎನ್ನುವವರಿಗಾಗಿ ಈ ಬರಹ. ಮೆಡಿಸಿನ್, ಸರ್ಜರಿಯಂಥ ದೊಡ್ಡ ವಿಭಾಗವನ್ನು ಕಣ್ಣ ಮುಂದಿಟ್ಟುಕೊಂಡು ಬರೆದಿದ್ದೇನೆ. ಚರ್ಮರೋಗದವರೂ ರೇಡಿಯಾಲಜಿಯವರೂ ತಮಗೆ ಬೇಕಾದಷ್ಟನ್ನು ತೆಗೆದುಕೊಳ್ಳಬಹುದು.

ಮೊದಲು ರಾತ್ರಿ ಹೋಗಿ ನೋಡಿ

ಯೂನಿಟ್ ಮುಖ್ಯಸ್ಥರಾದ ಮೇಲೆ ರಾತ್ರಿ ಎರಡು ಗಂಟೆಯ ವಾರ್ಡನ್ನು ಕಂಡವರು ಕಡಿಮೆ. ತುರ್ತು ಕರೆ ಬಂದು ಓಡಿಹೋಗಿ ನೋಡಿದ್ದು ಲೆಕ್ಕಕ್ಕಿಲ್ಲ. ಆಗ ಕಣ್ಣಿರುವುದು ರೋಗಿಯ ಮೇಲೆ. ಸುಮ್ಮನೆ ಸಿಸ್ಟರ್ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು ನೋಡಬೇಕು. ನಿಮ್ಮ ಯೂನಿಟ್ಟಿನ ಎಮರ್ಜೆನ್ಸಿ ದಿನದ, ಅಂದರೆ ತುರ್ತು ರೋಗಿಗಳನ್ನು ನಿಮ್ಮ ಯೂನಿಟ್ಟೇ ದಾಖಲಿಸಿಕೊಳ್ಳುವ ದಿನದ ರಾತ್ರಿಯನ್ನು ಒಮ್ಮೆ, ಸಾಮಾನ್ಯ ದಿನದ ರಾತ್ರಿಯನ್ನು ಒಮ್ಮೆ.

ಕಾಣುವುದು ಬಹುಪಾಲು ಹೀಗಿರುತ್ತದೆ. ಒಂದೂವರೆಯ ಹೊತ್ತಿಗೆ ಕ್ಯಾಶುವಾಲ್ಟಿಯಿಂದ ಹೊಸ ರೋಗಿ ಬರುತ್ತಾರೆ. ಮೊದಲ ವರ್ಷದ ಹುಡುಗಿ ರಕ್ತ ತೆಗೆಯುವುದು ಎರಡು ನಿಮಿಷದ ಕೆಲಸ. ಆಮೇಲೆ ಮೂರು ಬೇರೆ ಬೇರೆ ಫಾರ್ಮುಗಳ ಮೇಲೆ ಅದೇ ಹೆಸರು, ಅದೇ ನೋಂದಣಿ ಸಂಖ್ಯೆ ಬರೆಯಬೇಕು, ಬಾಟಲಿಗಳಿಗೆ ಚೀಟಿ ಅಂಟಿಸಬೇಕು. ಒಯ್ದು ಕೊಡಬೇಕಾದ ಮಾಮಾ ಇನ್ನೊಬ್ಬ ರೋಗಿಯ ಟ್ರಾಲಿ ತಳ್ಳಿಕೊಂಡು ಸಿಟಿ ಸ್ಕ್ಯಾನಿಗೆ ಹೋಗಿದ್ದಾರೆ. ಮುಂಬೈಯ ವಾರ್ಡುಗಳಲ್ಲಿ ವಾರ್ಡ್ ಬಾಯ್‌ಗಳನ್ನು ಎಲ್ಲರೂ ಮಾಮಾ ಎಂದೇ ಕರೆಯುವುದು, ಆಯಾಗಳನ್ನು ಮಾವಶಿ ಎಂದು. ಮಾಮಾ ಬರುವವರೆಗೆ ಕಾಯುವಂತಿಲ್ಲ. ಬಾಟಲಿಗಳನ್ನು ಅಂಗೈಯಲ್ಲಿ ಹಿಡಿದು ಹುಡುಗಿ ತಾನೇ ಮೆಟ್ಟಿಲಿಳಿದು, ಅಂಗಳ ದಾಟಿ, ಇನ್ನೊಂದು ಕಟ್ಟಡದ ಪ್ರಯೋಗಾಲಯಕ್ಕೆ ಹೋಗುತ್ತಾಳೆ. ಅಲ್ಲಿ ಕಿಟಕಿ ಮುಚ್ಚಿದೆ, ಬಡಿದು ಎಬ್ಬಿಸಬೇಕು. ಮರಳಿ ಬರುವ ದಾರಿಯಲ್ಲಿ ಫೋನು ನಾಲ್ಕು ಸಲ ಹೊಡೆದುಕೊಂಡಿರುತ್ತದೆ. ಒಂದು ಗಂಟೆಯ ನಂತರ ವರದಿ ತರಲು ಮತ್ತೆ ಅದೇ ಅಂಗಳ.

ಇದನ್ನು ನೋಡಿದ ಮೇಲೆ ರೆಸಿಡೆಂಟರಿಗೆಲ್ಲ ಒಂದೊಂದು ಕಿಸೆ ಪುಸ್ತಕ ಕೊಡಿ. ಅರ್ಧ ಗಂಟೆಗೊಮ್ಮೆ ಏನು ಮಾಡುತ್ತಿದ್ದೆ ಎಂದು ಗುರುತು ಹಾಕಲಿ: ರೋಗಿಯ ಬಳಿ, ಬರವಣಿಗೆ, ಓಡಾಟ, ಕಲಿಕೆ. ನಾಲ್ಕೇ ಕಾಲಂ, ಎರಡು ವಾರ ಸಾಕು. ಹೆಸರು ಬರೆಸಬೇಡಿ, ವರ್ಷ ಮಾತ್ರ ಇರಲಿ. ಹೆಸರು ಬರೆಸಿದಿರೋ, ಎಲ್ಲರೂ ಎಂಟಕ್ಕೆ ಬಂದು ಐದಕ್ಕೆ ಹೋಗುವ ಸರ್ಕಾರಿ ನೌಕರರಾಗಿಬಿಡುತ್ತಾರೆ. ಮುಂದಿನ ಎಲ್ಲ ವಾದಕ್ಕೂ ನಿಮ್ಮ ಕೈಯಲ್ಲಿರುವ ಬಂಡವಾಳ ಈ ಪುಸ್ತಕಗಳೇ. "ಹುಡುಗರು ತುಂಬ ದಣಿದಿದ್ದಾರೆ" ಎಂದರೆ ಡೀನ್ ತಲೆಯಾಡಿಸಿ ಇನ್ನೊಂದು ಫೈಲು ತೆಗೆಯುತ್ತಾರೆ. "ನಮ್ಮ ಎಂಡಿ ವಿದ್ಯಾರ್ಥಿಯ ರಾತ್ರಿಯಲ್ಲಿ ಇಷ್ಟು ಗಂಟೆ ಬಾಟಲಿ ಹೊರುವುದಕ್ಕೇ ಹೋಗುತ್ತಿದೆ" ಎಂದು ಪುಸ್ತಕ ಮುಂದಿಟ್ಟರೆ ಫೈಲು ಕೆಳಗಿಡುತ್ತಾರೆ.

ನಿಯಮ ಏನು ಹೇಳುತ್ತದೆ

ಈ ಭಾಗವನ್ನು ಬಾಯಿಪಾಠ ಮಾಡಿಕೊಳ್ಳಿ, ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ರೆಸಿಡೆಂಟರ ಸತತ ಕರ್ತವ್ಯ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 1992ರಲ್ಲೇ ಹೇಳಿತ್ತು. ಅದು ಎಷ್ಟು ಪಾಲನೆಯಾಗಿದೆ ಎಂಬುದನ್ನು ಓದುಗರಿಗೆ ನಾನು ಹೇಳಬೇಕಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮಾವಳಿ ಗಂಟೆಯ ಸಂಖ್ಯೆಯನ್ನೇ ಬಿಟ್ಟು "ಸಮಂಜಸ" ಕೆಲಸದ ಅವಧಿ, "ಸಮಂಜಸ" ವಿಶ್ರಾಂತಿ ಎಂದು ಜಾರಿಕೊಂಡಿತು. ಆದರೆ ವರ್ಷಕ್ಕೆ ಕನಿಷ್ಠ 20 ದಿನ ವೇತನಸಹಿತ ರಜೆ, 5 ದಿನ ಶೈಕ್ಷಣಿಕ ರಜೆ, ಕೆಲಸದ ಒತ್ತಡಕ್ಕೆ ಒಳಪಟ್ಟು ವಾರಕ್ಕೊಂದು ರಜೆ ಎಂಬುದನ್ನು ಸ್ಪಷ್ಟವಾಗಿ ಬರೆದಿದೆ. 2024ರಲ್ಲಿ ಆಯೋಗದ್ದೇ ಮಾನಸಿಕ ಆರೋಗ್ಯ ಕಾರ್ಯಪಡೆ ವಾರಕ್ಕೆ 74 ಗಂಟೆಯ ಮಿತಿಯನ್ನು ಶಿಫಾರಸು ಮಾಡಿತು: ಒಂದು 24 ಗಂಟೆಯ ಡ್ಯೂಟಿ, ಐದು ದಿನ ಹತ್ತು ಹತ್ತು ಗಂಟೆ, ಒಂದು ದಿನ ರಜೆ. ಇದು ಶಿಫಾರಸು, ಕಾನೂನಲ್ಲ. ಆದರೂ ನಾನು ಗುರಿಯಾಗಿ ಇಟ್ಟುಕೊಳ್ಳುವುದು ಇದನ್ನೇ, ಏಕೆಂದರೆ ಇದರಿಂದ ಪಟ್ಟಿ ತಯಾರಿಸಬಹುದು. "ಸಮಂಜಸ" ಎಂಬ ಪದದಿಂದ ಯಾವ ಪಟ್ಟಿಯೂ ತಯಾರಾಗುವುದಿಲ್ಲ.

ಇಲ್ಲೊಂದು ಮಾತು. ಏಳು ದಿನದಲ್ಲಿ ಒಂದು 24 ಗಂಟೆ, ಐದು ಹತ್ತು ಗಂಟೆ ಎಂದರೆ ಉಳಿಯುವ ಒಂದು ದಿನ ಸಾಮಾನ್ಯವಾಗಿ ರಾತ್ರಿ ಡ್ಯೂಟಿಯ ಮರುದಿನವೇ ಆಗುತ್ತದೆ. ವಾರದ ರಜೆಯೆಂದರೆ ಬಟ್ಟೆ ಒಗೆದು, ತಡವಾದ ಊಟ ಮಾಡಿ, ಸಂಜೆಯವರೆಗೆ ಮಲಗುವ ದಿನ ಅಷ್ಟೇ. 74 ಗಂಟೆಯನ್ನು ಐಷಾರಾಮ ಎಂದು ಗೇಲಿ ಮಾಡುವ ಹಿರಿಯರಿಗೆ ಈ ಲೆಕ್ಕ ತೋರಿಸಿ.

ಏಳು ರಾತ್ರಿಯ ಲೆಕ್ಕ

ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಸುಧಾರಣೆಯ ಹತ್ತರಲ್ಲಿ ಒಂಬತ್ತು ಪ್ರಯತ್ನ ಸಾಯುವುದು ಇಲ್ಲೇ ಎಂಬುದು ನನ್ನ ಅಂದಾಜು.

ಒಂದು ಯೂನಿಟ್ಟಿನಲ್ಲಿ ಮೊದಲ ವರ್ಷದವರು ಮೂವರು ಎಂದುಕೊಳ್ಳಿ. ತಲೆಗೊಂದರಂತೆ ವಾರಕ್ಕೆ ಒಂದೇ 24 ಗಂಟೆಯ ಡ್ಯೂಟಿ ಎಂದರೆ ಮೂರು ರಾತ್ರಿ ಮುಗಿಯಿತು. ಉಳಿದ ನಾಲ್ಕು ರಾತ್ರಿ ಯಾರದು? ಯೂನಿಟ್ಟಿನೊಳಗೇ ಉತ್ತರ ಹುಡುಕುವವರಿಗೆ ಉತ್ತರ ಸಿಗುವುದಿಲ್ಲ. ಸಿಗದಿದ್ದಾಗ "ಸದ್ಯಕ್ಕೆ ಹೇಗಾದರೂ ಹೊಂದಿಸಿಕೊಳ್ಳಿ" ಎಂಬ ಮಾತು ಹುಟ್ಟುತ್ತದೆ. ಹೊಂದಿಸಿಕೊಳ್ಳುವವರು ಮತ್ತೆ ಅದೇ ಮೂವರು.

ಹಾಗಾಗಿ ರಾತ್ರಿಯನ್ನು ಯೂನಿಟ್ಟಿನ ಹಿಡಿತದಿಂದ ಬಿಡಿಸಿ ಕೂಡು ಲೆಕ್ಕಕ್ಕೆ ತರಬೇಕು. ಮೂರು ಯೂನಿಟ್‌ಗಳನ್ನು ಜೋಡಿಸಿದರೆ ಮೊದಲ ವರ್ಷದವರು ಒಂಬತ್ತು ಮಂದಿ, ಅಂದರೆ ಒಂಬತ್ತು ರಾತ್ರಿ ಡ್ಯೂಟಿ. ಏಳು ರಾತ್ರಿಗೆ ಒಬ್ಬೊಬ್ಬರಂತೆ ಏಳು. ಮೂರು ಯೂನಿಟ್‌ಗಳ ಮೂರು ಎಮರ್ಜೆನ್ಸಿ ರಾತ್ರಿಗೆ ಇನ್ನೊಬ್ಬೊಬ್ಬರಂತೆ ಮೂರು. ಒಟ್ಟು ಹತ್ತು ಬೇಕು, ಇರುವುದು ಒಂಬತ್ತು. ಕೊರತೆಯ ಆ ಒಂದನ್ನು ಎರಡನೇ ವರ್ಷದವರು ಸರದಿಯಂತೆ ತುಂಬಬೇಕು. ಪ್ರತಿ ರಾತ್ರಿ ಇವರ ಬೆನ್ನಿಗೆ ಒಬ್ಬ ಹಿರಿಯ ರೆಸಿಡೆಂಟ್ ಇರಬೇಕು ಎಂಬುದು ಬೇರೆ ಸಾಲು.

ಕಾಗದದ ಮೇಲೆ ಇಷ್ಟು ಚೆನ್ನಾಗಿ ಕೂಡಿಬಂದದ್ದನ್ನು ನೋಡಿ ಹಿಗ್ಗಬೇಡಿ. ಒಂಬತ್ತು ಮಂದಿ ಯಾವತ್ತೂ ಒಂಬತ್ತು ಇರುವುದಿಲ್ಲ. ಒಬ್ಬರಿಗೆ ಡೆಂಗಿ, ಒಬ್ಬರ ಅಕ್ಕನ ಮದುವೆ. ಎರಡನೇ ವರ್ಷದವರ ಕಥೆ ಇನ್ನೂ ಬಿಗಿ. ಮೂರು, ನಾಲ್ಕು ಅಥವಾ ಐದನೇ ಸೆಮಿಸ್ಟರಿನಲ್ಲಿ ಪ್ರತಿಯೊಬ್ಬರೂ ಮೂರು ತಿಂಗಳು ಜಿಲ್ಲಾ ರೆಸಿಡೆನ್ಸಿಗೆ, ಅಂದರೆ ಜಿಲ್ಲಾ ಆಸ್ಪತ್ರೆಯ ಕೆಲಸಕ್ಕೆ ಹೋಗಲೇಬೇಕು. ಮೂವರನ್ನು ಒಬ್ಬರಾದ ಮೇಲೊಬ್ಬರಂತೆ ಕಳಿಸಿದರೆ ಒಂಬತ್ತು ತಿಂಗಳ ಕಾಲ ಆ ಬ್ಯಾಚಿನಲ್ಲಿ ಒಂದು ಕುರ್ಚಿ ಖಾಲಿ. ಮೂರನೇ ವರ್ಷದವರು ಪರೀಕ್ಷೆ ಹತ್ತಿರವಾದಂತೆ ಇದ್ದೂ ಇಲ್ಲದವರು. ಆದ್ದರಿಂದ ಪಟ್ಟಿ ಬರೆಯುವಾಗ ಮಂಜೂರಾದ ಸಂಖ್ಯೆಯನ್ನು ಮರೆತು, ಪ್ರತಿ ಬ್ಯಾಚಿನಲ್ಲೂ ಒಬ್ಬರನ್ನು ಕಳೆದು ಬರೆಯಿರಿ. ಹಾಗೆ ಬರೆದಾಗಲೂ ನಡೆಯುತ್ತದೆ ಎಂದಾದರೆ ಮಾತ್ರ ಅದು ಪಟ್ಟಿ.

ಹೊರೆ ಇಳಿಸಬೇಕಾದ ಕಡೆ

ಕಿಸೆ ಪುಸ್ತಕದ ಓಡಾಟ, ಬರವಣಿಗೆ ಕಾಲಂಗಳನ್ನು ಈಗ ತೆಗೆಯಿರಿ. ಪ್ರತಿಯೊಂದು ಕೆಲಸದ ಎದುರಿಗೂ ಒಂದು ಹುದ್ದೆಯ ಹೆಸರು ಬರೆಯಿರಿ. ಸ್ಯಾಂಪಲ್ ಒಯ್ಯುವುದು ಮಾಮಾ. ರಾತ್ರಿ ಒಬ್ಬ ಮಾಮಾ ಸಾಲದಿದ್ದರೆ, ಮೂರು ವಾರ್ಡುಗಳಿಗೆ ಸೇರಿಸಿ ಬರೀ ಸ್ಯಾಂಪಲ್ಲಿಗೇ ಒಬ್ಬರನ್ನು ಗೊತ್ತುಮಾಡಿ, ಗಂಟೆಗೊಂದು ಸುತ್ತು. ಹೊಸ ಹುದ್ದೆ ಕೇಳಲು ಹೋದರೆ ಮೂರು ವರ್ಷ. ಇರುವ ಮೂವರ ಸರದಿಯನ್ನು ಬದಲಿಸುವುದಾದರೆ ಮೇಟ್ರನ್ ಮತ್ತು ನಾಲ್ಕನೇ ದರ್ಜೆ ನೌಕರರ ಸಂಘದ ಜೊತೆ ಒಂದು ಮಧ್ಯಾಹ್ನದ ಮಾತು. ಮಾತಿಗೆ ನೀವೇ ಹೋಗಿ, ರೆಸಿಡೆಂಟರನ್ನು ಕಳಿಸಬೇಡಿ. ಇಪ್ಪತ್ತು ವರ್ಷ ವಾರ್ಡು ಕಂಡ ಮಾವಶಿಯ ಬಳಿ ನಿನ್ನೆ ಬಂದ ಹುಡುಗ "ಹೊಸ ವ್ಯವಸ್ಥೆ" ಎಂದರೆ ಅವರು ಸೆರಗು ಬಿಗಿದು ನಿಲ್ಲುತ್ತಾರೆ. ನೀವು ಹೋಗಿ ಎದುರು ಕೂತರೆ, ರಾತ್ರಿ ಪ್ರಯೋಗಾಲಯದ ಕಿಟಕಿ ಯಾಕೆ ತೆರೆಯುವುದಿಲ್ಲ ಎಂಬುದನ್ನೂ ಅವರೇ ಹೇಳಿಬಿಡುತ್ತಾರೆ.

ಡಿಸ್ಚಾರ್ಜ್ ಕಾರ್ಡು ಬರೆಯುವುದು ಹಗಲಿನ ಕೆಲಸವಾಗಲಿ, ರಾತ್ರಿಯವರಿಗೆ ಉಳಿಸುವ ಪದ್ಧತಿ ನಿಲ್ಲಲಿ. ಒಂದೇ ಹೆಸರನ್ನು ಮೂರು ಫಾರ್ಮಿನಲ್ಲಿ ಬರೆಯುವುದಕ್ಕೆ ರಬ್ಬರ್ ಸ್ಟಾಂಪೋ ಮುದ್ರಿತ ಚೀಟಿಯೋ ಸಾಕು. ಮೂರು ಫಾರ್ಮನ್ನು ಒಂದಾಗಿಸಲು ಒಂದು ವರ್ಷ ಸಭೆ ನಡೆಸುವುದಕ್ಕಿಂತ ಅದು ವಾಸಿ.

ಮಲಗುವ ಕೋಣೆಯ ವಿಷಯವನ್ನು ಇದೇ ಪಟ್ಟಿಯಲ್ಲಿ ಸೇರಿಸಿ. 2024ರ ಆಗಸ್ಟಿನಲ್ಲಿ ಕೋಲ್ಕತ್ತಾದ ಆಸ್ಪತ್ರೆಯೊಂದರಲ್ಲಿ ಕರ್ತವ್ಯದಲ್ಲಿದ್ದ ರೆಸಿಡೆಂಟ್ ವೈದ್ಯೆಯ ಅತ್ಯಾಚಾರ, ಕೊಲೆ ನಡೆದ ನಂತರ ಸುಪ್ರೀಂ ಕೋರ್ಟು ವೈದ್ಯರ ಸುರಕ್ಷತೆಗೆ ರಾಷ್ಟ್ರೀಯ ಕಾರ್ಯಪಡೆ ನೇಮಿಸಿತು, ಎಲ್ಲ ಕಡೆ ಸಿಸಿಟಿವಿಯ ಮಾತು ಬಂತು. ನಿಮ್ಮ ಮಟ್ಟದಲ್ಲಿ ಬೇಕಾದದ್ದು ತೀರ ಸಾದಾ: ಒಳಗಿನಿಂದ ಬೀಳುವ ಅಗುಳಿ, ಹೆಂಗಸರಿಗೆ ಬೇರೆ ಕೋಣೆ, ವಾರ್ಡಿನ ಸಮೀಪವೇ ಶೌಚಾಲಯ, ತಿಗಣೆ ಇಲ್ಲದ ಹಾಸಿಗೆ. ಜೊತೆಗೆ ರಾತ್ರಿಯೂಟ. ಪರೇಲಿನ ಸುತ್ತಲ ನಮ್ಮ ಉಡುಪಿ ಹೋಟೆಲುಗಳು ಬಾಗಿಲೆಳೆದ ಮೇಲೆ ರೆಸಿಡೆಂಟಿಗೆ ಸಿಗುವುದು ಬಿಸ್ಕತ್ತು ಮತ್ತು ಚಹಾ. ಕ್ಯಾಂಟೀನಿನವರಿಗೆ ಹೇಳಿ ಒಂಬತ್ತು ಗಂಟೆಗೆ ಡ್ಯೂಟಿ ಕೋಣೆಗೆ ಡಬ್ಬಿ ಬರುವಂತೆ ಮಾಡಿದರೆ, ನಿಮ್ಮ ಎಲ್ಲ ಸುಧಾರಣೆಗಳಲ್ಲಿ ಜನ ನೆನಪಿಟ್ಟುಕೊಳ್ಳುವುದು ಬಹುಶಃ ಅದನ್ನೇ.

ಎರಡನೇ ವರ್ಷದವರನ್ನು ಕಡೆಗಣಿಸಿದರೆ ಕೆಟ್ಟಿರಿ

ಹೊರಗಿನಿಂದ ನೋಡುವವರಿಗೆ ವಿರೋಧ ಬರುವುದು ಹಿರಿಯ ಪ್ರಾಧ್ಯಾಪಕರಿಂದ ಎನಿಸುತ್ತದೆ. ಅವರು ಸಭೆಯಲ್ಲಿ ಗುಡುಗುತ್ತಾರೆ, ನಿಜ. ಆದರೆ ಯೋಜನೆಯನ್ನು ಸದ್ದಿಲ್ಲದೆ ಮಣ್ಣುಪಾಲು ಮಾಡುವ ಶಕ್ತಿ ಇರುವುದು ಎರಡನೇ ವರ್ಷದವರಿಗೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ನಮ್ಮ ಗಾದೆ ರೆಸಿಡೆನ್ಸಿಗೆ ಬರೆದಂತಿದೆ. ಒಂದು ವರ್ಷ ಹೊತ್ತು ಹೊತ್ತು ಸಾಕಾಗಿ, ಇನ್ನೇನು ತನ್ನ ಕೆಳಗೆ ಒಬ್ಬರು ಬರುತ್ತಾರೆ ಎಂದು ಕಾದಿದ್ದವಳಿಗೆ "ಮೊದಲ ವರ್ಷದವರು ಬೆಳಿಗ್ಗೆ ಮನೆಗೆ ಹೋಗುತ್ತಾರೆ, ಉಳಿದ ಕೆಲಸ ನೀನು ನೋಡು" ಎಂದರೆ ಅವಳು ಯಾಕೆ ಒಪ್ಪಬೇಕು? ಪಟ್ಟಿಯಲ್ಲಿ ಒಂಬತ್ತು ಗಂಟೆಗೆ ಬಿಡುವು ಎಂದಿದ್ದರೂ, "ಹೋಗುವ ಮುಂಚೆ ಆ ಇಬ್ಬರ ಕಾಗದ ಮುಗಿಸಿಬಿಡು" ಎಂಬ ಒಂದೇ ಮಾತಿಗೆ ಅದು ಮಧ್ಯಾಹ್ನ ಮೂರಾಗುತ್ತದೆ. ಯಾವ ಡೀನನ ಸುತ್ತೋಲೆಯೂ ಆ ಮಾತನ್ನು ತಡೆಯಲಾರದು.

ಅವರ ಜೊತೆ ವ್ಯಾಪಾರವನ್ನೇ ಮಾಡಿ, ಮುಚ್ಚುಮರೆ ಬೇಡ. ಅವರು ಬಿಟ್ಟುಕೊಡುವುದಕ್ಕೆ ಬದಲಾಗಿ ಅವರಿಗೆ ಏನು ಸಿಗುತ್ತದೆ ಎಂದು ಬರೆದು ಕೊಡಿ. ಸರ್ಜರಿಯಲ್ಲಾದರೆ ವಾರದ ಇಂಥ ದಿನದ ಮೊದಲ ಕೇಸು ಎರಡನೇ ವರ್ಷದವರ ಕೈಗೆ, ಮೇಲೆ ಲೆಕ್ಚರರ್ ನಿಂತಿರುತ್ತಾರೆ. ಮೆಡಿಸಿನ್ನಿನಲ್ಲಾದರೆ ಐಸಿಯು ಪಾಳಿ, ಎಕೋ (ಹೃದಯದ ಸ್ಕ್ಯಾನ್) ಕಲಿಯಲು ಅರ್ಧ ದಿನ. ಪ್ರಬಂಧಕ್ಕೆ ವಾರಕ್ಕೊಂದು ಮಧ್ಯಾಹ್ನ, ಆ ಹೊತ್ತಿನಲ್ಲಿ ಫೋನು ಇನ್ನೊಬ್ಬರ ಬಳಿ. ಪಟ್ಟಿ ತಯಾರಿಸುವ ಕೆಲಸವನ್ನೂ ಅವರಲ್ಲಿ ಇಬ್ಬರಿಗೆ ಒಪ್ಪಿಸಿ; ತಾವೇ ಬರೆದ ಪಟ್ಟಿಯನ್ನು ತಾವೇ ಮುರಿಯುವುದು ಸ್ವಲ್ಪ ಕಷ್ಟ.

ಮಾರ್ಡ್, ಗೋವಾದಲ್ಲಾದರೆ ಗಾರ್ಡ್, ಅಂದರೆ ರೆಸಿಡೆಂಟ್ ವೈದ್ಯರ ಸಂಘದವರನ್ನು ಮೊದಲ ಸಭೆಗೇ ಕರೆಯಿರಿ. ಸಂಘವೆಂದರೆ ಮುಷ್ಕರ ಎಂದು ಬೆಚ್ಚುವ ಆಡಳಿತಗಾರರಿದ್ದಾರೆ. ಪ್ರತಿ ಯೂನಿಟ್ಟಿನ ಒಳಗುಟ್ಟೂ ತಿಳಿದಿರುವುದು ಅವರಿಗೇ. ಹೊರಗಿಟ್ಟರೆ ಅದು ನಿಮಗೆ ತಿಳಿಯುವುದು ಪತ್ರಿಕೆಯಲ್ಲಿ.

ಕಿರುಕುಳದ ದೂರು ಪಟ್ಟಿಯ ವಿಷಯವಲ್ಲ ಎಂದು ಬದಿಗಿಡಬೇಡಿ. ಆಯೋಗದ 2021ರ ರ‍್ಯಾಗಿಂಗ್ ವಿರೋಧಿ ನಿಯಮಾವಳಿ ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ ಅನ್ವಯಿಸುತ್ತದೆ. ಹೆಚ್ಚುವರಿ ರಾತ್ರಿಯನ್ನು ಶಿಕ್ಷೆಯಾಗಿ ಕೊಡುವ ಚಾಳಿ ಅನೇಕ ಕಡೆ ಇದೆ. ಜಾತಿ, ಭಾಷೆ, ಊರು ನೋಡಿ ಕೊಡುವವರೂ ಇದ್ದಾರೆ. ಪಟ್ಟಿ ಬದಲಿಸುವ ಅಧಿಕಾರ ಯಾರಿಗಿದೆ ಎಂದು ಬರೆದಿಟ್ಟು, ಬದಲಿಸಿದ ಪ್ರತಿ ಸಲ ಕಾರಣ ನಮೂದಿಸಬೇಕು ಎಂದರೆ ಆ ದಾರಿ ಅರ್ಧ ಮುಚ್ಚಿತು. ದೂರು ಕೇಳುವವರು ಬೇರೆ ವಿಭಾಗದವರಾಗಿರಲಿ.

"ನಾವೆಲ್ಲ ಹೀಗೆಯೇ ಕಲಿತವರಲ್ಲವೇ?"

ಹಿರಿಯರ ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಅದರಲ್ಲಿ ಹುರುಳಿದೆ. ರಾತ್ರಿ ದಾಖಲಾದ ರೋಗಿಯನ್ನು ಬೆಳಗಿನವರೆಗೆ ಕಾಯ್ದು ನೋಡಿದವರಿಗೆ ರೋಗದ ನಡೆ ಅರ್ಥವಾಗುತ್ತದೆ, ಪಾಳಿ ಮುಗಿಸಿ ಹೊರಟವರಿಗೆ ಅದು ತಪ್ಪಿಹೋಗುತ್ತದೆ. ಅಮೆರಿಕದ ಅನುಭವವನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಅಲ್ಲಿ 2003ರಲ್ಲಿ ವಾರಕ್ಕೆ 80 ಗಂಟೆಯ ಮಿತಿ ಬಂತು. 2011ರಲ್ಲಿ ಮೊದಲ ವರ್ಷದವರ ಸತತ ಡ್ಯೂಟಿಯನ್ನು 16 ಗಂಟೆಗೆ ಇಳಿಸಿದರು, 2017ರಲ್ಲಿ ಮತ್ತೆ 24ಕ್ಕೆ ಏರಿಸಿದರು. ಸರ್ಜರಿ ಮತ್ತು ಮೆಡಿಸಿನ್ ವಿಭಾಗಗಳಲ್ಲಿ ನಡೆದ ಎರಡು ದೊಡ್ಡ ಪ್ರಯೋಗಗಳಲ್ಲಿ ಪಾಳಿಯ ಉದ್ದವನ್ನು ಬಿಗಿಗೊಳಿಸಿದ ಕಡೆಗೂ ಸಡಿಲ ಬಿಟ್ಟ ಕಡೆಗೂ ರೋಗಿಗಳ ಸಾವಿನ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಯಾರೋ ಒಬ್ಬರು ಸಭೆಯಲ್ಲಿ ಇದನ್ನು ಎತ್ತಿ ತೋರಿಸುತ್ತಾರೆ. ಆಗ ಎರಡು ಮಾತು ಹೇಳಿ. ಒಂದು, ಆ ಪ್ರಯೋಗಗಳಲ್ಲಿ ಸಡಿಲ ಬಿಟ್ಟ ಕಡೆಯಲ್ಲೂ 80 ಗಂಟೆಯ ಮಿತಿ ಇದ್ದೇ ಇತ್ತು. ನೂರು ಗಂಟೆ ದುಡಿಸುವುದಕ್ಕೆ ಅದು ಸಮರ್ಥನೆಯಾಗದು. ಎರಡು, ಗಂಟೆ ಇಳಿಸಿದ ಮಾತ್ರಕ್ಕೆ ರೋಗಿಗಳು ಬದುಕುತ್ತಾರೆ ಎಂದು ನಾವೂ ಹೇಳುತ್ತಿಲ್ಲ. ಗಂಟೆ ಇಳಿಸಿದಾಗ ಕೈ ಬದಲಾಗುವುದು ಹೆಚ್ಚುತ್ತದೆ, ಕೈ ಬದಲಾಗುವಲ್ಲಿ ರೋಗಿಯ ವಿಷಯ ಸೋರಿಹೋಗುತ್ತದೆ. ಆ ಸೋರಿಕೆ ನಿಲ್ಲಿಸುವುದು ಯೋಜನೆಯ ಭಾಗ ಎಂದು ನೀವೇ ಮುಂದಾಗಿ ಹೇಳಿದರೆ ವಿರೋಧದ ಗಂಟಲು ಅರ್ಧ ಇಳಿಯುತ್ತದೆ. ಗುಡುಗಿದ ಪ್ರಾಧ್ಯಾಪಕರಿಗೇ ಆ ಜವಾಬ್ದಾರಿ ಕೊಡಿ. ನಿಜವಾಗಿಯೂ ರೋಗಿಯ ಚಿಂತೆಯಿಂದ ಗುಡುಗಿದವರು ಒಪ್ಪಿಕೊಳ್ಳುತ್ತಾರೆ. ಒಪ್ಪಿಕೊಳ್ಳದವರ ಚಿಂತೆ ಯಾವುದು ಎಂಬುದೂ ಅಲ್ಲಿಗೆ ಎಲ್ಲರಿಗೂ ತಿಳಿಯುತ್ತದೆ.

ಹಸ್ತಾಂತರ

ಡ್ಯೂಟಿ ಬಿಡುವವರು ಬರುವವರಿಗೆ ರೋಗಿಗಳನ್ನು ಒಪ್ಪಿಸುವ ಕ್ರಮ ನಮ್ಮಲ್ಲಿ ಸಾಮಾನ್ಯವಾಗಿ ಮೆಟ್ಟಿಲ ಮೇಲೆ ನಡೆಯುತ್ತದೆ, ಇಲ್ಲವೇ ವಾಟ್ಸ್ಆ್ಯಪಿನಲ್ಲಿ. "14, 22 ನೋಡ್ಕೋ, ಉಳಿದವರೆಲ್ಲ ಓಕೆ." ಮೂರು ಯೂನಿಟ್ಟಿನ ರಾತ್ರಿಯನ್ನು ಒಬ್ಬರ ಕೈಗೆ ಕೊಡುವಾಗ ಇದು ಅಪಾಯ. ತಾನು ಹಗಲು ಮುಖವನ್ನೇ ನೋಡದ ರೋಗಿಗಳಿಗೆ ಆ ಒಬ್ಬರು ಹೊಣೆ.

ಐ-ಪಾಸ್ ಎಂಬ ಅಮೆರಿಕದ ಕ್ರಮ ಇದಕ್ಕೆಂದೇ ಹುಟ್ಟಿದ್ದು. ಒಂಬತ್ತು ಆಸ್ಪತ್ರೆಗಳ ಮಕ್ಕಳ ವಿಭಾಗಗಳಲ್ಲಿ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೈದ್ಯಕೀಯ ತಪ್ಪುಗಳು ಶೇ 23ರಷ್ಟು, ತಡೆಯಬಹುದಾಗಿದ್ದ ಹಾನಿಗಳು ಶೇ 30ರಷ್ಟು ಇಳಿದಿದ್ದವು. ಅದರ ಐದು ಅಂಶ: ರೋಗಿ ಎಷ್ಟು ಗಂಭೀರ, ಸಂಕ್ಷಿಪ್ತ ವೃತ್ತಾಂತ, ಮಾಡಬೇಕಾದ ಕೆಲಸ, ಹೀಗಾದರೆ ಏನು ಮಾಡಬೇಕು ಎಂಬ ಮುನ್ನೆಚ್ಚರಿಕೆ, ಕೊನೆಗೆ ಕೇಳಿಸಿಕೊಂಡವರು ತಿರುಗಿ ಹೇಳುವುದು. ನಮ್ಮ ವಾರ್ಡಿಗೆ ಅದು ಹೀಗೆ ಬರುತ್ತದೆ:

"ಹಾಸಿಗೆ 14. ಕೆಡುವ ಸಂಭವವಿದೆ, ಕಣ್ಣಿಡಬೇಕು. 58 ವರ್ಷ, ಅಕ್ಕಲಕೋಟೆ ಕಡೆಯವರು, ನ್ಯುಮೋನಿಯ, ಎರಡನೇ ದಿನ. ಹತ್ತು ಗಂಟೆಗೆ ಎಬಿಜಿ (ರಕ್ತದಲ್ಲಿನ ಅನಿಲಗಳ ಪರೀಕ್ಷೆ) ವರದಿ ನೋಡಬೇಕು. ಆಮ್ಲಜನಕದ ಸ್ಯಾಚುರೇಷನ್ 90ಕ್ಕಿಂತ ಕೆಳಗಿಳಿದರೆ ಐಸಿಯುಗೆ ಫೋನು, ಹಾಸಿಗೆಯ ವಿಷಯ ಸಂಜೆಯೇ ಹೇಳಿಟ್ಟಿದ್ದೇನೆ. ಮರಾಠಿ ಅಷ್ಟಕ್ಕಷ್ಟೆ, ಕನ್ನಡ ಮಾತಾಡುತ್ತಾರೆ; ಮಗ ಹೊರಗೆ ಪಡಸಾಲೆಯಲ್ಲಿ ಮಲಗಿದ್ದಾನೆ."

ಕೊನೆಯ ಸಾಲು ಯಾವ ಅಮೆರಿಕದ ಕ್ರಮದಲ್ಲೂ ಇಲ್ಲ, ನಾನು ಸೇರಿಸಿದ್ದು. ಸೊಲ್ಲಾಪುರ, ಜತ್ತ ಕಡೆಯಿಂದ ಪುಣೆಯ ಸಸೂನ್ ಆಸ್ಪತ್ರೆಗೆ, ಕಾರವಾರದಿಂದ ಗೋವಾದ ಬಾಂಬೋಳಿಯ ಆಸ್ಪತ್ರೆಗೆ, ಕಲಬುರಗಿಯಿಂದ ರಾತ್ರಿ ರೈಲಿನಲ್ಲಿ ಮುಂಬೈಗೆ ಬರುವ ರೋಗಿಗಳು ಹಗಲಿನಲ್ಲಿ ಹೇಗೋ ಯಾರದೋ ಬಾಯಲ್ಲಿ ಮಾತಾಡಿಕೊಳ್ಳುತ್ತಾರೆ. ರಾತ್ರಿ ಎದೆ ಹಿಡಿದುಕೊಂಡಾಗ ಎದುರಿಗೆ ನಿಂತವರು ಲಖನೌದ ಹುಡುಗ. ಮಾತು ಬಲ್ಲವರು ಯಾರು, ಎಲ್ಲಿದ್ದಾರೆ ಎಂಬುದು ಸ್ಯಾಚುರೇಷನ್ನಿನಷ್ಟೇ ಮುಖ್ಯವಾದ ವಿವರ.

ಹಸ್ತಾಂತರಕ್ಕೆ ಬೆಳಿಗ್ಗೆ ಎಂಟು, ಸಂಜೆ ಎಂಟು ಎಂದು ಸಮಯ ನಿಗದಿಮಾಡಿ, ಅರ್ಧ ಗಂಟೆ ಮೀಸಲಿಡಿ. ಆ ಹೊತ್ತಿನಲ್ಲಿ ರೌಂಡ್ಸ್ ಬೇಡ, ಔಟ್ ಪೇಷಂಟ್ ಬೇಡ. ಮೊದಲ ತಿಂಗಳು ಒಬ್ಬ ಅಧ್ಯಾಪಕರು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಬೇಕು, ತಿದ್ದಬೇಕು. ಗೋಡೆಗೆ ಚಾರ್ಟು ಅಂಟಿಸಿ ಸುಮ್ಮನಾದರೆ ವಾರದಲ್ಲಿ ಮತ್ತೆ ಮೆಟ್ಟಿಲ ಮೇಲೆಯೇ.

ಯಾವ ತಿಂಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಂಡಿತ ಬೇಡ. ಮಲೇರಿಯಾ, ಡೆಂಗಿ, ಲೆಪ್ಟೊ (ಇಲಿಜ್ವರ) ಒಟ್ಟಿಗೆ ಬಂದು ಮುಂಬೈಯ ಮೆಡಿಸಿನ್ ವಾರ್ಡುಗಳಲ್ಲಿ ನೆಲದ ಮೇಲೂ ಹಾಸಿಗೆ ಬೀಳುವ ಕಾಲ ಅದು. 2005ರ ಜುಲೈ 26ರ ಮಹಾಮಳೆಯ ನಂತರ ಬಂದ ಲೆಪ್ಟೊಸ್ಪೈರೋಸಿಸ್ ನೆನಪಿರುವ ಯಾವ ವೈದ್ಯರೂ ಮಳೆಗಾಲದಲ್ಲಿ ಹೊಸ ಪಟ್ಟಿ ಎಂದರೆ ನಗುತ್ತಾರೆ. ಹೊಸ ಬ್ಯಾಚ್ ಬಂದ ಮೊದಲ ತಿಂಗಳೂ ಬೇಡ. ಅವರಿಗೆ ಇನ್ನೂ ರಕ್ತನಿಧಿಯ ದಾರಿ ಗೊತ್ತಿಲ್ಲ. ಜನವರಿ, ಫೆಬ್ರವರಿ ಪರವಾಗಿಲ್ಲ.

ಬ್ಯಾಚ್ ಬರುವ ದಿನಾಂಕವನ್ನು ನಂಬಿ ಕೂರಬೇಡಿ. ಏಪ್ರಿಲ್‌ನಲ್ಲಿ ನಡೆಯಬೇಕಿದ್ದ 2021ರ ನೀಟ್ ಪಿಜಿ (ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ಸೆಪ್ಟೆಂಬರಿಗೆ ಹೋಯಿತು, ಕೌನ್ಸೆಲಿಂಗ್ ಶುರುವಾದದ್ದು 2022ರ ಜನವರಿಯಲ್ಲಿ. ಅಷ್ಟು ದಿನ ದೇಶದ ಆಸ್ಪತ್ರೆಗಳು ಮೂರರ ಬದಲು ಎರಡೇ ಬ್ಯಾಚಿನಲ್ಲಿ ನಡೆದವು. ಹೀಗೆ ಒಂದು ಬ್ಯಾಚೇ ಇಲ್ಲದ ತಿಂಗಳಿಗೆ ಬೇರೆಯೇ ಒಂದು ಪಟ್ಟಿ ಬರೆದು ಫೈಲಿನಲ್ಲಿಡಿ. ಆ ಪಟ್ಟಿಯಲ್ಲಿ ಲೆಕ್ಚರರುಗಳ ಹೆಸರೂ ರಾತ್ರಿಗೆ ಇರಬೇಕು. ಮುಖ ಗಂಟಿಕ್ಕುವವರು ಈಗಲೇ ಗಂಟಿಕ್ಕಲಿ.

ಎಂಟು ವಾರ ನಡೆಸಿ ನೋಡಿ

ಇಡೀ ವಿಭಾಗಕ್ಕೆ ಒಮ್ಮೆಲೇ ಬೇಡ, ಮೂರು ಯೂನಿಟ್ಟು ಸಾಕು. ಉಳಿದವರು ಹೊರಗೆ ನಿಂತು ನೋಡಲಿ, ಅಣಕಿಸಲಿ, ಆಮೇಲೆ ತಮಗೂ ಬೇಕೆನ್ನಲಿ. ಅಳೆಯಬೇಕಾದದ್ದು ನಾಲ್ಕೇ ಸಂಗತಿ. ರಾತ್ರಿ ಡ್ಯೂಟಿಯವರು ನಿಜವಾಗಿ ಎಷ್ಟು ಗಂಟೆಗೆ ಆಸ್ಪತ್ರೆ ಬಿಟ್ಟರು. ಬೆಳಗಿನ ರೌಂಡ್ಸಿನಲ್ಲಿ ಆಗದೆ ಉಳಿದ ಕೆಲಸ ಎಷ್ಟು. ರಾತ್ರಿ ಅನಿರೀಕ್ಷಿತವಾಗಿ ಐಸಿಯುಗೆ ಹೋದ ರೋಗಿಗಳೆಷ್ಟು, ಅವರಲ್ಲಿ ಹಸ್ತಾಂತರದಲ್ಲಿ ಹೆಸರು ಬಂದವರೆಷ್ಟು. ಸರ್ಜರಿಯವರಿಗೆ ಇನ್ನೊಂದು: ತಲೆಗೆ ಎಷ್ಟು ಕೇಸು, ಲಾಗ್‌ಬುಕ್ಕಿನಲ್ಲೇ ಸಿಗುತ್ತದೆ. ಮೊದಲನೆಯದನ್ನು ರೆಸಿಡೆಂಟರ ಬಾಯಿಂದ ಕೇಳಬೇಡಿ, ಸಿಸ್ಟರ್ ಇನ್‌ಚಾರ್ಜ್ ಗುರುತು ಹಾಕಲಿ. ಅವರಿಗೆ ಸುಳ್ಳು ಹೇಳುವ ಅಗತ್ಯವಿಲ್ಲ.

ಎರಡನೇ ವಾರದಲ್ಲಿ ಎಲ್ಲ ಹದಗೆಟ್ಟಂತೆ ಕಾಣುತ್ತದೆ. ವರದಿ ಕಳೆದಿರುತ್ತದೆ, ಯಾರ ರೋಗಿ ಯಾರದೆಂದು ಜಗಳವಾಗಿರುತ್ತದೆ, "ಹಳೆಯದೇ ಚೆನ್ನಾಗಿತ್ತು" ಎನ್ನುವವರಲ್ಲಿ ಮೊದಲ ವರ್ಷದವರೂ ಇರುತ್ತಾರೆ. ಆಗ ಪಟ್ಟಿಯನ್ನು ಮುಟ್ಟಬೇಡಿ. ವಾರಕ್ಕೊಮ್ಮೆ ಒಂದು ಗಂಟೆ ಕೂತು ಬಿಡಿ ದೋಷಗಳನ್ನು ಮಾತ್ರ ಸರಿಪಡಿಸಿ. ಪಟ್ಟಿಯ ಬಗ್ಗೆ ತೀರ್ಮಾನ ಎಂಟನೇ ವಾರ ಮುಗಿದ ಮೇಲೆ.

ಕಾಗದಕ್ಕೆ ಸಹಿ

ಮೌಖಿಕ ಒಪ್ಪಿಗೆಗೆ ಆಯುಷ್ಯ ಕಡಿಮೆ. ಮುಂಬೈ ಮಹಾನಗರ ಪಾಲಿಕೆಯ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳಲ್ಲಿ ದಾರಿ ಡೀನ್ ಮೂಲಕ ಪಾಲಿಕೆಯ ವೈದ್ಯಕೀಯ ಶಿಕ್ಷಣ ನಿರ್ದೇಶಕರತ್ತ. ಜೆಜೆ, ಸಸೂನ್‌ಗಳಲ್ಲಿ ರಾಜ್ಯದ ವೈದ್ಯಕೀಯ ಶಿಕ್ಷಣ ನಿರ್ದೇಶನಾಲಯದತ್ತ. ಬಾಂಬೋಳಿಯಲ್ಲಿ ಗೋವಾ ಸರ್ಕಾರದತ್ತ. ಯೂನಿಟ್‌ಗಳ ರಾತ್ರಿಯನ್ನು ಕೂಡಿಸುವುದಕ್ಕೆ ಬಹುತೇಕ ಡೀನ್ ಮಟ್ಟದ ಆದೇಶ ಸಾಕು. ಅದಕ್ಕಿಂತ ಮೇಲೆ ಒಯ್ದರೆ ಕಡತ ತಿರುಗಿ ಬರುವಷ್ಟರಲ್ಲಿ ನಿಮ್ಮ ರೆಸಿಡೆಂಟರು ಕನ್ಸಲ್ಟೆಂಟರಾಗಿರುತ್ತಾರೆ.

ಆದೇಶದಲ್ಲಿ ಮೂರು ಸಂಗತಿ ಇರಲೇಬೇಕು: ರಾತ್ರಿಯ ಹೊಣೆ ಯಾವ ಹುದ್ದೆಯದು, ಪಟ್ಟಿ ಬದಲಿಸುವ ಅಧಿಕಾರ ಯಾರದು, ಪರಿಶೀಲನೆ ಯಾವ ತಿಂಗಳು. ವ್ಯಕ್ತಿಯ ಹೆಸರು ಎಲ್ಲೂ ಬೇಡ. ಅಧ್ಯಾಪಕರಿಗೆ ವರ್ಗಾವಣೆಯಾಗುತ್ತದೆ, ವಿಭಾಗ ಮುಖ್ಯಸ್ಥರು ನಿವೃತ್ತರಾಗುತ್ತಾರೆ, ಮೂರು ವರ್ಷದಲ್ಲಿ ರೆಸಿಡೆಂಟರೆಲ್ಲ ಹೊಸಬರು. ಹಳೆಯ ಪಟ್ಟಿ ನೆನಪಿರುವವರು ಕೊನೆಗೆ ಸಿಸ್ಟರ್ ಮತ್ತು ಮಾಮಾ ಮಾತ್ರ. ಆದೇಶದ ಒಂದು ಪ್ರತಿ ಅವರ ಬಳಿ ಇರಲಿ, ಮರಾಠಿಯಲ್ಲಿ, ಲ್ಯಾಮಿನೇಟ್ ಮಾಡಿಸಿ. ಹೊಸ ಬ್ಯಾಚ್ ಬಂದ ದಿನ ಸ್ಟೆತಸ್ಕೋಪು ತೆಗೆಯುವ ಮುಂಚೆ ಅದನ್ನು ಓದಿ ಹೇಳುವ ಕೆಲಸ ಎರಡನೇ ವರ್ಷದವರಿಗೆ. ಯೂನಿಟ್ ಮುಖ್ಯಸ್ಥರು ಆಗ ಅಲ್ಲೇ ನಿಂತಿರಬೇಕು.